ಇಬ್ಬರಿಗೂ ಹಾಲು

ಕನ್ನಡಕದ ಅಂಗಡಿಯ ಮೇಲಿನ ಮನೆಗೆ ಕೂಸಮ್ಮ ಬಂದಾಗ ಬಾಣಂತಿಯಾಗಲಿ ಮಗುವಾಗಲಿ ಇನ್ನೂ ಆಸ್ಪತ್ರೆಯಿಂದ ಬಂದಿರಲಿಲ್ಲ. ಅವಳ ಪದ್ಧತಿಯೇ ಅದು. ಕೂಸಿಗಿಂತ ಮುಂಚೆ ತಾನು ಬಂದು ಕೋಣೆ ನೋಡಬೇಕು. ಕಿಟಕಿಯ ಗಾಳಿ ತೊಟ್ಟಿಲಿಗೆ ನೇರ ಬೀಸುತ್ತದೋ, ಬಿಸಿನೀರು ಎಷ್ಟು ದೂರದಿಂದ ತರಬೇಕು, ಒದ್ದೆ ಬಟ್ಟೆ ಎಲ್ಲಿ ಒಣಗಬೇಕು, ಎಲ್ಲ ತಿಳಿದುಕೊಂಡರೇ ಅವಳಿಗೆ ಸಮಾಧಾನ. ಅವಳ ನಿಜವಾದ ಹೆಸರು ಬೇರೆ. ಹಿಂದೊಮ್ಮೆ ಯಾವುದೋ ಮನೆಯ ಪುಟ್ಟ ಹುಡುಗಿ, ತನ್ನ ತಮ್ಮನನ್ನು ಸದಾ ಎತ್ತಿಕೊಂಡೇ ಇರುವ ಈ ಹೆಂಗಸನ್ನು ಕೂಸಮ್ಮ ಎಂದು ಕರೆದಿದ್ದಳು. ಆ ಹೆಸರೇ ಮನೆಯಿಂದ ಮನೆಗೆ ಅವಳಿಗಿಂತ ಮೊದಲು ಹೋಗಿ ಕೂರುತ್ತಿತ್ತು. ಹಸುಗೂಸುಗಳ ಆರೈಕೆಯಲ್ಲಿ ತರಬೇತಿ ಪಡೆದಿದ್ದಳು, ಸರ್ಟಿಫಿಕೇಟೂ ಇತ್ತು. ಆದರೂ ಏನು ಕೆಲಸ ಎಂದು ಯಾರಾದರೂ ಕೇಳಿದರೆ, "ಮೇಲಿಂದ ತುಂಬೋದು, ಕೆಳಗಿಂದ ಒರೆಸೋದು, ಅಷ್ಟೇ ನನ್ನ ವಿದ್ಯೆ" ಎನ್ನುತ್ತಿದ್ದಳು.

ಕೋಣೆಯಲ್ಲಿ ಎರಡು ತೊಟ್ಟಿಲುಗಳಿದ್ದವು. ಅವಳಿ ಎಂದು ಮೊದಲೇ ಹೇಳಿದ್ದರು. ಕೂಸಮ್ಮ ಎರಡಕ್ಕೂ ಬಟ್ಟೆ ಹಾಸತೊಡಗಿದಾಗ ಬಾಣಂತಿಯ ಅತ್ತೆ ಬಾಗಿಲಲ್ಲಿ ನಿಂತು, "ಸ್ವಲ್ಪ ಅಡುಗೆಮನೆಗೆ ಬಾಮ್ಮ" ಎಂದರು. ದಪ್ಪಗಿನ, ಮಾತಿನ ಹೆಂಗಸು. ಅಡುಗೆಮನೆಗೆ ಹೋದ ಮೇಲೆ ನಲ್ಲಿ ತಿರುಗಿಸಿದರು, ನಿಲ್ಲಿಸಿದರು.

"ಗಂಡು ಮಗು ಉಳೀಲಿಲ್ಲ" ಎಂದರು ಕೊನೆಗೆ. "ಹುಟ್ಟಿದ ಮಾರನೇ ದಿನವೇ ಹೋಯ್ತು. ಇವಳಿಗೆ ರಕ್ತ ನಿಲ್ಲದೆ ಪ್ರಜ್ಞೆಯೇ ಇರಲಿಲ್ಲ. ನನ್ನ ಮಗನೇ ಎತ್ಕೊಂಡು ಹೋಗಿ ಮಣ್ಣು ಮಾಡಿ ಬಂದ."

"ಅವರಿಗೆ ಗೊತ್ತಿಲ್ವಾ?"

"ಎಚ್ಚರ ಆದ ತಕ್ಷಣ ಕೇಳಿದ್ದೇ ಅದು, ಇಬ್ರೂ ಹೇಗಿದಾರೆ ಅಂತ. ಇವನು ಹೇಳಬೇಕು ಅಂತಲೇ ಬಾಯಿ ತೆಗೆದ. ಬಾಯಿಂದ ಬಂದದ್ದು, ಚೆನ್ನಾಗಿದಾರೆ ಅಂತ. ಡಾಕ್ಟರು, ಹೇಳಿಬಿಡಿ, ತಡ ಮಾಡಬೇಡಿ ಅಂದ್ರು. ಮನೆಗೆ ಕರ್ಕೊಂಡು ಹೋಗಿ ನಾವೇ ಹೇಳ್ತೀವಿ ಅಂತ ಅವರ ಕೈಕಾಲು ಹಿಡ್ಕೊಂಡ್ವಿ. ಈಗವಳು, ಮಗ ಆಸ್ಪತ್ರೇಲಿ ಗಾಜಿನ ಪೆಟ್ಟಿಗೆಯೊಳಗಿದಾನೆ, ತೂಕ ಬಂದ ಮೇಲೆ ಕಳಿಸ್ತಾರೆ ಅಂತ ತಿಳ್ಕೊಂಡಿದಾಳೆ. ಎರಡು ದಿನ ತಡಿಯಮ್ಮ. ಸ್ವಲ್ಪ ಎದ್ದು ಕೂರಲಿ. ಆಮೇಲೆ ಹೇಳ್ತೀವಿ. ಅಲ್ಲಿವರೆಗೂ ನೀನೂ..."

ಪರರ ಮನೆಯ ಮಾತು ತನ್ನ ಗಂಟಲಲ್ಲೇ ಇರಬೇಕು ಎನ್ನುವುದು ಕೂಸಮ್ಮ ಇಷ್ಟು ಕಾಲ ಪಾಲಿಸಿಕೊಂಡು ಬಂದ ನಿಯಮ. ಕುಡಿಯುವ ಗಂಡಂದಿರನ್ನು, ಮಾತುಬಿಟ್ಟ ಓರಗಿತ್ತಿಯರನ್ನು ಕಂಡೂ ಕಾಣದಂತೆ ಇದ್ದವಳು. "ಎರಡು ದಿನ ಅಂದ್ರೆ ಎರಡೇ ದಿನ" ಎಂದಳು. ಅತ್ತೆ ಅವಳ ಕೈ ಹಿಡಿದುಕೊಂಡು ಅತ್ತರು. ಎರಡನೆಯ ತೊಟ್ಟಿಲಿಗೂ ಬಟ್ಟೆ ಹಾಸಿದ್ದಾಯಿತು.

ಬಾಣಂತಿ ತೆಳ್ಳಗಿದ್ದಳು. ಮೈಯಲ್ಲಿ ರಕ್ತವಿಲ್ಲದೆ ತುಟಿಯೂ ಕೆನ್ನೆಯೂ ಒಂದೇ ಬಣ್ಣವಾಗಿದ್ದವು. ಕಡಿದಾದ ಮೆಟ್ಟಿಲನ್ನು ಗಂಡ ಮತ್ತು ಆಸ್ಪತ್ರೆಯ ಆಳು ಕುರ್ಚಿಯಲ್ಲಿ ಕೂರಿಸಿ ಹತ್ತಿಸಿದರು. ಹೆಣ್ಣುಮಗು ಮಾತ್ರ ಗಟ್ಟಿ. ತೊಟ್ಟಿಲಲ್ಲಿ ಮಲಗಿಸಿದ ಕ್ಷಣವೇ ಬೀದಿಗೆಲ್ಲ ಕೇಳುವಂತೆ ಅತ್ತಿತು. "ಇವಳು ಮನೆ ಯಜಮಾನಿ ಆಗೋದು ಗ್ಯಾರಂಟಿ" ಎಂದಳು ಕೂಸಮ್ಮ. ಬಾಣಂತಿ ನಕ್ಕಳು. ನಗುವಾಗ ಹೊಲಿಗೆ ನೋಯಿತೆಂದು ಹೊಟ್ಟೆ ಹಿಡಿದುಕೊಂಡಳು.

ಅಂದೇ ಅವಳು ಹಾಲು ಹಿಂಡುವ ಪಂಪು ತರಿಸಿಕೊಂಡಳು. ಮಗಳಿಗೆ ಮೊಲೆ ಕೊಟ್ಟ ಮೇಲೆ ಉಳಿದದ್ದನ್ನು ಹಿಂಡಿ ಸಣ್ಣ ಬಾಟಲಿಯಲ್ಲಿ ತುಂಬಿಸಿ, "ಇದು ನನ್ನ ಮಗನಿಗೆ. ಇವಳೇ ಎಲ್ಲ ಕುಡಿದುಬಿಟ್ರೆ ಅವನು ನನ್ನ ಮೇಲೆ ಮುನಿಸ್ಕೋತಾನೆ" ಎಂದಳು. ಮಾರನೆಯ ಬೆಳಿಗ್ಗೆ ಗಂಡ ಬಾಟಲಿಗಳನ್ನು ಚೀಲದಲ್ಲಿಟ್ಟುಕೊಂಡು ಹೊರಟ. ಅಂಗಡಿಯ ಹಿಂದಿನ ಕೈತೊಳೆಯುವ ತೊಟ್ಟಿಯ ಮುಂದೆ ಅವನು ನಿಂತಿರುವುದನ್ನು, ಬಟ್ಟೆ ಒಣಹಾಕಲು ಹಿತ್ತಲಿಗೆ ಇಳಿದ ಕೂಸಮ್ಮ ಕಂಡಳು. ಹಾಲು ಸುರಿದು ನೀರು ಬಿಟ್ಟು, ಬಾಟಲಿಗಳನ್ನು ಒಂದೊಂದಾಗಿ ತೊಳೆಯುತ್ತಿದ್ದ. ತೊಳೆದ ಮೇಲೂ ಹಾಗೇ ನಿಂತಿದ್ದ. ಅವಳ ಕಡೆ ತಿರುಗಿ, "ಇವತ್ತು ಹೇಳಬೇಕು ಅಂತಿದ್ದೆ ಕೂಸಮ್ಮ" ಎಂದ. "ಹೇಳಕ್ಕಾಗ್ಲಿಲ್ಲ."

ಎರಡು ದಿನ ಕಳೆದವು. ಬಾಣಂತಿಗೆ ಜ್ವರ ಬಂತು, ಜ್ವರ ಇಳಿಯಲಿ ಎಂದರು. ಇಳಿಯಿತು. ದೂರದಲ್ಲಿರುವ ಅವಳ ಅಣ್ಣ ಬರಲಿ, ತವರಿನವರು ಒಬ್ಬರಾದರೂ ಪಕ್ಕದಲ್ಲಿರಲಿ ಎಂದರು. ಅಣ್ಣನಿಗೆ ರಜೆ ಸಿಕ್ಕಿರಲಿಲ್ಲ. ಒಂದು ಸುಳ್ಳು ನಿಲ್ಲಬೇಕಾದರೆ ಹತ್ತು ಸುಳ್ಳು ಹೆಗಲು ಕೊಡಬೇಕು. ಮನೆಯವರೆಲ್ಲ ಆ ಹೆಗಲು ಕೊಡುವುದರಲ್ಲೇ ಸವೆಯುತ್ತಿದ್ದರು. ಅತ್ತೆ ಸೊಸೆಯ ಮುಂದೆ ಬೇಕೆಂದೇ ಗಟ್ಟಿಯಾಗಿ ಹರಟುತ್ತಿದ್ದರು. ಗಂಡ ಆಸ್ಪತ್ರೆಯ ಸುದ್ದಿ ಎರಡು ಮಾತಲ್ಲಿ ಮುಗಿಸಿ ಅಂಗಡಿಗೆ ಇಳಿದುಬಿಡುತ್ತಿದ್ದ.

"ಇವರಿಗೆ ಹೇಳಕ್ಕೇ ಬರಲ್ಲ" ಎಂದು ಬಾಣಂತಿ ದೂರಿದಳು. "ಚೆನ್ನಾಗಿದಾನೆ, ಕುಡಿದ, ಮಲಗಿದ. ಇಷ್ಟೇ. ಕೂಸಮ್ಮ, ನಾಳೆ ನೀವೇ ಹೋಗಿ ಬನ್ನಿ. ನೀವು ನೋಡಿದ್ರೆ ನಾನು ನೋಡಿದ ಹಾಗೇ."

ಮರುದಿನ ಕೂಸಮ್ಮ ಹಾಲಿನ ಚೀಲ ಹಿಡಿದು ಹೊರಟಳು. ಎರಡು ಬೀದಿ ದಾಟಿ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಳು. ಬಸ್ಸುಗಳು ಬಂದವು, ಹೋದವು. ಚೀಲವನ್ನು ಮಡಿಲಲ್ಲಿಟ್ಟುಕೊಂಡೇ ಇದ್ದಳು. ಮನೆಗೆ ಹೋಗಿ ಹೇಳಿಬಿಡಬೇಕು, ಯಾರು ಏನಾದರೂ ಅಂದುಕೊಳ್ಳಲಿ, ಎಂದು ನಿಶ್ಚಯ ಮಾಡಿಕೊಂಡೇ ಎದ್ದಳು.

ಕೋಣೆಗೆ ಬಂದಾಗ ಬಾಣಂತಿ ದಿಂಬಿಗೆ ಒರಗಿ, ತಲೆ ಬಾಚಿಕೊಂಡು, ಕಾಯುತ್ತಿದ್ದಳು. "ಹೇಳಿ" ಎಂದಳು. "ಮೊದಲಿಂದ ಹೇಳಿ."

ಆ ಮುಖ ನೋಡಿ ಕೂಸಮ್ಮನ ನಿಶ್ಚಯ ಕರಗಿತು. "ಕಪ್ಪು ಕೂದಲು" ಎಂದಳು. "ಹಣೆಯವರೆಗೂ ಇದೆ."

"ಮತ್ತೆ?"

"ಎಡಗಿವಿಯ ತುದಿ ಸ್ವಲ್ಪ ಮಡಚಿಕೊಂಡಿದೆ, ಪುಸ್ತಕದ ಹಾಳೆ ಮಡಚಿದ ಹಾಗೆ. ಬರಬರ್ತಾ ಸರಿಹೋಗುತ್ತೆ. ನನ್ನ ಬೆರಳು ಹಿಡ್ಕೊಂಡ, ಬಿಡಿಸ್ಕೊಳ್ಳೋದೇ ಕಷ್ಟ ಆಯ್ತು. ಆಕಳಿಸಿದ ಮೇಲೆ ಒಂದು ಸಲ ನಿಟ್ಟುಸಿರು ಬಿಡ್ತಾನೆ, ಎಲ್ಲ ಜವಾಬ್ದಾರಿ ಮುಗಿಸಿದ ಮುದುಕನ ಹಾಗೆ."

ಬಾಣಂತಿ ನಕ್ಕಳು, ನಗುತ್ತಲೇ ಅತ್ತಳು. ಅಂದು ಹೊಟ್ಟೆ ತುಂಬ ಉಂಡಳು. ಹಾಲು ಎಂದಿಗಿಂತ ಹೆಚ್ಚು ಬಂತು. ಅತ್ತೆ ಅಡುಗೆಮನೆಯಲ್ಲಿ, "ನಿನ್ನ ಬಾಯಿ ಪುಣ್ಯ ಕಣಮ್ಮ, ಇವತ್ತು ಮೊದಲನೇ ಸಲ ಸರಿಯಾಗಿ ಉಂಡಳು" ಎಂದಾಗ ಕೂಸಮ್ಮ ಹಾಲು ಸುರಿದ ಬಾಟಲಿಗಳನ್ನು ತೊಳೆಯುತ್ತಿದ್ದಳು. ತಾನು ಎತ್ತಿ ಬೆಳೆಸಿದ ಎಷ್ಟೋ ಕೂಸುಗಳಿಂದ ಒಂದೊಂದು ಅಂಗ ಕಿತ್ತುತಂದು ಸತ್ತ ಮಗುವಿಗೆ ಜೋಡಿಸಿದ್ದೇನೆ ಎಂದು ಅವಳಿಗೆ ತಿಳಿದಿತ್ತು. ಗಂಡ, ಅತ್ತೆ ಹೇಳಿದ್ದು ಬರೀ ಸುಳ್ಳು. ಇವಳು ಆ ಸುಳ್ಳಿಗೆ ಮುಖ ಕೊಟ್ಟಿದ್ದಳು. ಆದರೂ ಮರುದಿನ ಬಾಣಂತಿ ಕೇಳಿದಳು, ಇವಳು ಹೇಳಿದಳು. ಅದರ ಮರುದಿನವೂ ಹಾಗೇ.

ಮನಸ್ಸಿನಲ್ಲಿ ಮುಖ ಕಂಡ ಮೇಲೆ ಕಣ್ಣಿಗೂ ಬೇಕೆನಿಸುವುದು ಸಹಜ. "ನಾನೇ ಹೋಗ್ತೀನಿ" ಎಂದಳು ಬಾಣಂತಿ. ಮೆಟ್ಟಿಲಿಳಿದರೆ ಹೊಲಿಗೆ ಬಿಚ್ಚುತ್ತದೆ ಎಂದು ಅತ್ತೆ ಹೆದರಿಸಿದರು. "ಹಾಗಾದ್ರೆ ಫೋಟೋ. ಇಷ್ಟು ದಿನಕ್ಕೆ ಒಂದು ಫೋಟೋ ತೆಗೆಯಕ್ಕೂ ಬಿಡದೇ ಇರೋ ಆಸ್ಪತ್ರೆ ಯಾವುದು? ಇವತ್ತು ಫೋಟೋ ಬರದಿದ್ರೆ ನಾನೇ ಅಲ್ಲಿಗೆ ಫೋನ್ ಮಾಡ್ತೀನಿ."

ಕೆಳಗೆ ಅಂಗಡಿಯ ಷಟರ್ ಅರ್ಧ ಎಳೆದು ಮೂವರೂ ನಿಂತರು.

"ಸಾಕು. ಹೇಳಿಬಿಡಿ" ಎಂದಳು ಕೂಸಮ್ಮ. "ನಿಮ್ಮ ಕೈಲಿ ಆಗದಿದ್ರೆ ನಾನೇ ಹೇಳ್ತೀನಿ."

"ನಾಳೆ ಅವಳ ಅಣ್ಣ ಬರ್ತಾನಂತೆ" ಎಂದರು ಅತ್ತೆ. "ರೈಲು ಹತ್ತಿದ್ದೂ ಆಯ್ತು. ಒಂದೇ ದಿನ ಕಣೇ. ನಿನ್ನ ದಮ್ಮಯ್ಯ. ಹುಟ್ಟಿದ ಮಕ್ಕಳೆಲ್ಲ ಒಂದೇ ಥರ ಕಾಣ್ತವೆ. ಆ ಹೆಣ್ಣುಮಗೂಗೇ ಒಂದು ಟೋಪಿ ಹಾಕಿ..."

ಗಂಡ ಅಮ್ಮನ ಕಡೆಗೂ ನೋಡಲಿಲ್ಲ, ಕೂಸಮ್ಮನ ಕಡೆಗೂ ನೋಡಲಿಲ್ಲ. "ಅವಳು ಸತ್ತುಹೋಗ್ತಾಳೇನೋ ಅಂತ ಭಯ ಕೂಸಮ್ಮ. ಆಸ್ಪತ್ರೇಲಿ ನಾನು ನೋಡಿದೀನಿ ಅವಳನ್ನ, ಬಿಳಿ ಬಟ್ಟೆ ಥರ ಬಿದ್ದಿದ್ದಳು. ಒಬ್ಬರ ಹಿಂದೆ ಒಬ್ಬರನ್ನ..."

ಎಳೆಬಿಸಿಲು ಕಾಯಿಸುತ್ತೇನೆಂದು ಹೇಳಿ ಕೂಸಮ್ಮ ಮಗುವನ್ನು ಕೆಳಗೆ ತಂದಳು. ಕನ್ನಡಕಗಳ ಗಾಜಿನ ಕೌಂಟರ್ ಮೇಲೆ ಬಿಳಿ ಟವೆಲ್ ಹಾಸಿ ಮಲಗಿಸಿದಳು. ಬಿಳಿ ಟೋಪಿಯನ್ನು ಹುಬ್ಬಿನವರೆಗೆ ಎಳೆದು, ಕಿವಿಗಳನ್ನು ಮುಚ್ಚಿದಳು. ಅತ್ತೆ ಮೇಜಿನ ಮೇಲಿನ ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿದರು. ಗಂಡ ಫೋನ್ ಹಿಡಿದ. ಮೊದಲೆರಡು ಚಿತ್ರಗಳು ಮಸುಕಾಗಿ ಬಂದವು, ಮತ್ತೆ ತೆಗೆದ.

ಬಾಣಂತಿ ಫೋನನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಹೆಚ್ಚು ಹೊತ್ತೇನೂ ನೋಡಲಿಲ್ಲ.

"ಇದು ನನ್ನ ಮಗಳು" ಎಂದಳು.

"ಅವಳಿ ಅಲ್ವೇನೇ, ಒಂದೇ ಥರ..." ಎಂದರು ಅತ್ತೆ.

"ಇದು ನನ್ನ ಮಗಳು ಅತ್ತೆ. ಇವಳ ಬಾಯಿ ನಂಗೆ ಗೊತ್ತಿಲ್ವಾ?" ಫೋನನ್ನು ಹಾಸಿಗೆಯ ಮೇಲೆ ಮಲಗಿಸಿಟ್ಟಳು. ಗಂಡನನ್ನು ನೋಡಿದಳು. ಅವನು ಗೋಡೆಗೆ ಆತುಕೊಂಡು ನಿಂತಿದ್ದ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಕೊನೆಗೆ ಕೂಸಮ್ಮನ ಕಡೆ ತಿರುಗಿದಳು.

"ಯಾವಾಗ?"

"ಹುಟ್ಟಿದ ಮಾರನೇ ದಿನ ಮಗಳೇ."

"ನಂಗೆ ಎಚ್ಚರ ಆಗೋ ಮುಂಚೇನೇ?"

"ಹೌದು."

ಅವಳು ಅಳಲಿಲ್ಲ. ಏನನ್ನೋ ನೆನಪು ಮಾಡಿಕೊಳ್ಳುವವಳಂತೆ ಹುಬ್ಬು ಗಂಟಿಕ್ಕಿದಳು. "ಹಾಗಾದ್ರೆ ಆ ಮಡಚಿದ ಕಿವಿ ಯಾರದ್ದು?"

ಕೂಸಮ್ಮ ಇದ್ದದ್ದನ್ನೇ ಹೇಳಿದಳು. "ಹಿಂದೆ ಕೆಲಸ ಮಾಡಿದ ಮನೆಯ ಒಂದು ಮಗುವಿನದ್ದು."

"ಎಲ್ರೂ ಹೊರಗೆ ಹೋಗಿ."

ಹೋದರು. ಒಳಗಿನಿಂದ ಚಿಲಕ ಬಿತ್ತು. ಆಮೇಲೆ ಮೂವರಿಗೂ ಒಟ್ಟಿಗೇ ನೆನಪಾಯಿತು, ಮಗು ಒಳಗೇ ಇತ್ತು.

ಮೊದಲು ಏನೂ ಕೇಳಿಸಲಿಲ್ಲ. ನಂತರ ಮಗು ಅಳತೊಡಗಿತು. ಗಂಡ ಬಾಗಿಲು ಬಡಿದ, ಹೆಂಡತಿಯನ್ನು ಕೂಗಿದ. ಉತ್ತರವಿಲ್ಲ. ಮಗುವಿನ ಅಳು ಏರಿತು, ಉಸಿರು ಕಟ್ಟುವಷ್ಟು ಏರಿತು. ಕೂಸಮ್ಮ ಬಾಗಿಲಿಗೆ ಕಿವಿ ಹಚ್ಚಿ ನೆಲದ ಮೇಲೆ ಕುಸಿದು ಕೂತಳು. ಹೆತ್ತ ಹೊಸತರಲ್ಲಿ ಮನಸ್ಸು ಕೈಬಿಟ್ಟ ಹೆಂಗಸರು ಏನು ಮಾಡಿಬಿಡಬಲ್ಲರು ಎನ್ನುವುದು ಅವಳಿಗೆ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಇರಲಿಲ್ಲ. ಆಗ ಅಳು ತಟ್ಟನೆ ನಿಂತಿತು.

"ಒಡೀತೀನಿ" ಎಂದ ಗಂಡ. ಹೆಗಲು ಕೊಡಲು ಹಿಂದೆ ಸರಿದ.

"ತಡೀರಿ!" ಕೂಸಮ್ಮ ಅವನ ಕಾಲು ಹಿಡಿದುಕೊಂಡಳು. ಉಸಿರು ಬಿಗಿಹಿಡಿದು ಆಲಿಸಿದಳು. ಒಳಗಿನಿಂದ ಬಂದದ್ದು ತೀರ ಸಣ್ಣ ಸದ್ದು. ಗುಟುಕು, ಮೂಗಿನ ಉಸಿರು, ಮತ್ತೆ ಗುಟುಕು. "ಕುಡೀತಿದೆ" ಎಂದಳು. "ಒಡೀಬೇಡಿ. ಮಗು ಹಾಲು ಕುಡೀತಿದೆ."

ಗಂಡ ಅಲ್ಲೇ ನೆಲದ ಮೇಲೆ ಕೂತು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಅತ್ತ. ಮಗ ಹೋದ ಮೇಲೆ ಅವನು ಅತ್ತದ್ದು ಅದೇ ಮೊದಲು ಎಂದು ಅತ್ತೆ ಆಮೇಲೆ ಹೇಳಿದರು.

ಮರುದಿನ ಅಣ್ಣ ಬಂದ. ಬಾಗಿಲು ತೆರೆದದ್ದು ಅವನಿಗೆ. ಅವನ ತೋಳು ಹಿಡಿದುಕೊಂಡು, ಒಂದೊಂದೇ ಮೆಟ್ಟಿಲಿಗೆ ನಿಂತು, ಬಾಣಂತಿ ಕೆಳಗಿಳಿದಳು. ಹೂತ ಜಾಗ ತೋರಿಸೆಂದು ಗಂಡನಿಗೆ ಅಂದದ್ದು ಒಂದೇ ಮಾತು. ಕೂಸಮ್ಮ ಮಗುವಿನೊಂದಿಗೆ ಮನೆಯಲ್ಲಿ ಉಳಿದಳು. ಅವರು ಬೇಗ ಹಿಂತಿರುಗಿದರು. ಅಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲವಂತೆ. ಸಣ್ಣ ಗುಪ್ಪೆಗಳು ಸಾಲಾಗಿದ್ದವು. ಗಂಡ ಒಂದನ್ನು ತೋರಿಸಿದ. ಕಾವಲಿನವನು ಬಂದು, ಅದಲ್ಲ ಇದು ಎಂದು ಪಕ್ಕದ್ದನ್ನು ತೋರಿಸಿದ. ಅಣ್ಣ ಇದನ್ನು ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ.

ತವರಿಗೆ ಹೊರಡುವುದೆಂದು ಅವಳು ತೀರ್ಮಾನಿಸಿದಳು. ವೈದ್ಯರು ಪ್ರಯಾಣಕ್ಕೆ ಒಪ್ಪುವವರೆಗೆ ನಿಲ್ಲಬೇಕಾಯಿತು. ಕೂಸಮ್ಮನನ್ನು ಅವಳು ಕಳಿಸಲಿಲ್ಲ. ಯಾಕೆಂದು ಕೂಸಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ತಿಳಿಯಿತು. ಅವಳು ಕಲಿಯುತ್ತಿದ್ದಳು. ಹೊಕ್ಕುಳು ಒರೆಸುವುದನ್ನು, ಬಟ್ಟೆ ಸುತ್ತುವುದನ್ನು, ತೇಗು ಬರಿಸುವುದನ್ನು ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ಪ್ರಶ್ನೆ ಕೇಳುತ್ತಿರಲಿಲ್ಲ. ಕೂಸಮ್ಮನೇ ಗಾಳಿಗೆ ಹೇಳುವಂತೆ, "ಕತ್ತಿನ ಕೆಳಗೆ ಕೈ ಇರಬೇಕು", "ನೀರು ಮೊಣಕೈಗೆ ಹಿತ ಅನಿಸಿದ್ರೆ ಸಾಕು" ಎನ್ನುತ್ತಿದ್ದಳು. ಅತ್ತೆ ಬಾಗಿಲವರೆಗೆ ಬಂದು ಒಳಗೆ ಕಾಲಿಡಲಾರದೆ ಹಿಂದಕ್ಕೆ ಹೋಗುತ್ತಿದ್ದರು. ಇಡೀ ಮನೆಯಲ್ಲಿ ಗಟ್ಟಿಯಾಗಿ ದನಿ ತೆಗೆಯುತ್ತಿದ್ದದ್ದು ಆ ಕೂಸೊಂದೇ.

"ನಾನು ತಪ್ಪು ಮಾಡಿದೆ ಮಗಳೇ" ಎಂದಳು ಕೂಸಮ್ಮ ಒಂದು ಮಧ್ಯಾಹ್ನ, ಒಣಗಿದ ಬಟ್ಟೆ ಮಡಚುತ್ತ.

ಬಾಣಂತಿ ಕಿಟಕಿಯಾಚೆ ನೋಡುತ್ತಿದ್ದಳು. "ಇವರು ಹೆದರಿ ಸುಳ್ಳು ಹೇಳಿದ್ರು" ಎಂದಳು. "ನೀವು ಎಷ್ಟು ಚೆನ್ನಾಗಿ ಹೇಳಿದ್ರಿ ಅಂದ್ರೆ, ಈಗ ನನ್ನ ಮಗ ಅಂದ ತಕ್ಷಣ ಆ ಯಾರದ್ದೋ ಮಗುವೇ ಕಣ್ಣಿಗೆ ಬರುತ್ತೆ. ನನ್ನ ಮಗನ ಮುಖ ನಂಗಿಲ್ಲ."

ಕೂಸಮ್ಮ ಮಡಚಿದ ಬಟ್ಟೆಗಳನ್ನು ತೊಟ್ಟಿಲ ಪಕ್ಕಕ್ಕೆ ಇಟ್ಟಳು.

ಹೊರಡುವ ಬೆಳಿಗ್ಗೆ ಮಗುವಿನ ಸ್ನಾನವನ್ನು ತಾಯಿಯೇ ಮಾಡಿಸಿದಳು. ಕೂಸಮ್ಮ ಬಚ್ಚಲ ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿದ್ದಳು. ಸೋಪಿನ ಮೈ ಜಾರಿ ಮಗು ಒಂದು ಕ್ಷಣ ವಾಲಿತು. ಕೂಸಮ್ಮನ ಕೈ ತಾನಾಗಿಯೇ ಮುಂದೆ ಹೋಯಿತು.

"ಮುಟ್ಟಬೇಡಿ."

ಕೈ ಹಿಂದೆ ಬಂತು. ತಾಯಿ ಮಗುವನ್ನು ಎದೆಗೆ ಒತ್ತಿಕೊಂಡಳು. ಅವಳ ಬಟ್ಟೆಯೆಲ್ಲ ಒದ್ದೆಯಾಯಿತು. ಮಗು ಕಿರುಚಿ ಕಿರುಚಿ ಸುಮ್ಮನಾಯಿತು. ಅವಳೇ ಟವೆಲ್ ತೆಗೆದುಕೊಂಡು ಒರೆಸಿದಳು. ಕಾರು ಬಂದು ನಿಂತಾಗ ಗಂಡ ಚೀಲಗಳನ್ನು ಕೆಳಗಿಳಿಸಿ ಕಾರಿನಲ್ಲಿಟ್ಟು, ಅದರ ಕಿಟಕಿಯ ಬಳಿ ಬಗ್ಗಿ ಏನೋ ಕೇಳಿದ. ಅವಳು ತಲೆಯಾಡಿಸಿದಳು, ಹೌದೆಂದೋ ಅಲ್ಲವೆಂದೋ ಮೇಲಿನಿಂದ ನೋಡುತ್ತಿದ್ದ ಕೂಸಮ್ಮನಿಗೆ ತಿಳಿಯಲಿಲ್ಲ.

ಕೂಸಮ್ಮ ಕೆಲಕಾಲ ಯಾವ ಮನೆಗೂ ಹೋಗಲಿಲ್ಲ. ಮೈ ಸರಿಯಿಲ್ಲ ಎಂದಳು. ಆಮೇಲೆ ಹೋಗತೊಡಗಿದಳು, ಬೇರೆ ಕೆಲಸ ಅವಳಿಗೆ ಬರುತ್ತಿರಲಿಲ್ಲ. ಕೂಸುಗಳೊಂದಿಗೆ ಮೊದಲಿನಂತೆಯೇ ಇದ್ದಳು. ತಾಯಂದಿರೊಂದಿಗೆ ಮಾತು ಕಡಿಮೆಯಾಯಿತು. ನಮ್ಮ ಮಗು ಯಾರ ಹಾಗಿದೆ ಹೇಳಿ ಎಂದು ಯಾರಾದರೂ ಕೇಳಿದರೆ, "ನೀವೇ ನೋಡ್ಕೊಳ್ಳಿ" ಎಂದುಬಿಡುತ್ತಿದ್ದಳು. ಜಂಬದ ಹೆಂಗಸು ಎಂದುಕೊಂಡವರೂ ಇದ್ದರು.

ತಿಂಗಳುಗಳಾದ ಮೇಲೆ ಆ ಅತ್ತೆ ಫೋನ್ ಮಾಡಿದರು. ಮಗ ತಾನೇ ಅಂಗಡಿ ಮುಚ್ಚಿ ಹೆಂಡತಿಯ ಊರಿಗೆ ಹೋಗಿದ್ದಾನೆ, ಅಲ್ಲೇ ಒಂದು ಕಡೆ ಕೆಲಸಕ್ಕೆ ಸೇರಿಕೊಂಡಿದ್ದಾನೆ, ಗಂಡಹೆಂಡಿರು ಒಂದೇ ಮನೆಯಲ್ಲಿದ್ದಾರೆ ಎಂದರು. "ಮಾತಾಡ್ಕೋತಾರೋ ಇಲ್ವೋ ಗೊತ್ತಿಲ್ಲಮ್ಮ. ನನ್ನ ಹತ್ರ ಅಂತೂ ಅವಳು ಮಾತಾಡಲ್ಲ. ನಿನ್ನ ಸುದ್ದಿ ಎತ್ತಿದ್ರೆ ಎದ್ದು ಹೋಗ್ತಾಳಂತೆ."

"ಹೋಗ್ಲಿ ಬಿಡಿ ಅಮ್ಮಾ" ಎಂದಳು ಕೂಸಮ್ಮ. "ಮಗು ಹೇಗಿದೆ?"

"ಕೂರ್ತಾಳಂತೆ. ಕೆಳಗಡೆ ಎರಡು ಹಲ್ಲು ಬಂದಿವೆಯಂತೆ. ನಾನಿನ್ನೂ ನೋಡಿಲ್ಲ."

ಆಚೆ ಬದಿಯಲ್ಲಿ ಅತ್ತೆ ಅಳುತ್ತಿದ್ದರು. ಕೂಸಮ್ಮ ಸಮಾಧಾನದ ಮಾತೊಂದನ್ನೂ ಹೇಳಲಿಲ್ಲ. ಅಳು ನಿಲ್ಲುವವರೆಗೆ ಫೋನನ್ನು ಕಿವಿಗೆ ಹಿಡಿದುಕೊಂಡು ಕೂತಿದ್ದಳು.