ಮುರಿದ ಸೂಜಿಯ ಮೊನೆ

ಹೆಂಗಸರ ಜೈಲಿನ ಹೊಲಿಗೆ ಕೋಣೆಯಲ್ಲಿ ಹನ್ನೆರಡು ಮಿಷನ್ನು, ಹನ್ನೆರಡು ಸ್ಟೂಲು, ಕಿಟಕಿ ಪಕ್ಕ ಒಂದೇ ಒಂದು ಕುರ್ಚಿ. ಕುರ್ಚಿಯಲ್ಲಿ ಕೂತವಳು ಹೇಳಿದ್ದೇ ಕೆಲಸ, ಕೊಟ್ಟಿದ್ದೇ ಬಿಡುವು. ಒಂಬತ್ತು ವರ್ಷದಿಂದ ಅಲ್ಲಿ ಕೂತವಳು ದೊಡ್ಡತ್ತೆ. ಅವಳೂ ಕೈದಿಯೇ; ಆದರೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದಳೆಂದರೆ ಎಂಥ ಜಗಳವೂ ಬಾಲ ಮುದುರಿಕೊಳ್ಳುತ್ತಿತ್ತು. ಆ ಕುರ್ಚಿಯ ಮೇಲೆ ಕಣ್ಣಿಟ್ಟಿದ್ದ ಇನ್ನೊಬ್ಬ ಕೈದಿಗೆ ಎಲ್ಲರೂ ಮೆಣಸಿನಕಾಯಿ ಅನ್ನುತ್ತಿದ್ದರು. ದೊಡ್ಡತ್ತೆಯ ಮಾತು ನಡೆಯುವುದನ್ನು ಕಂಡು ಹೊಟ್ಟೆ ಉರಿದುಕೊಳ್ಳುತ್ತಿದ್ದವಳು ಹೆಡ್ ವಾರ್ಡರ್, ಬೀಗದಮ್ಮ.

ಸೂಜಿ ಮುರಿದರೆ ಎರಡೂ ತುಂಡನ್ನು ಕಾಗದಕ್ಕೆ ಅಂಟಿಸಿ ಬೀಗದಮ್ಮನಿಗೆ ಒಪ್ಪಿಸಬೇಕು, ಆಮೇಲೆ ಹೊಸ ಸೂಜಿ. ಆ ದಿನ ಗುಂಗುರು ಕೂದಲಿನ ಹುಡುಗಿ ಅಂಟಿಸಿದ್ದು ಒಂದೇ ತುಂಡು. ಏಳು ತಿಂಗಳ ಮೇಲೆ ಮರುದಿನ ಅವಳ ಪುಟ್ಟ ಮಗಳು ನೋಡಲು ಬರುವವಳಿದ್ದಳು. ತಾಯಿಯ ಮನಸ್ಸು ಮಿಷನ್ನಿನ ಮೇಲೆ ಇರಲೇ ಇಲ್ಲ. ಫೋನಿನಲ್ಲಿ ಹರಟುತ್ತಿದ್ದ ಬೀಗದಮ್ಮನೂ ಕಾಗದವನ್ನು ಸರಿಯಾಗಿ ನೋಡದೆ ಸಹಿ ಹಾಕಿ ಹೊಸ ಸೂಜಿ ಕೊಟ್ಟುಬಿಟ್ಟಳು.

ಸಂಜೆ ಎಣಿಸುವಾಗ ಮೊನೆಯ ತುಂಡು ಇಲ್ಲ.

"ಅದು ಸಿಗೋವರೆಗೆ ನಾಳೆ ನಿನಗೆ ಭೇಟಿ ಇಲ್ಲ," ಎಂದಳು ಬೀಗದಮ್ಮ. ಆಮೇಲೆ ಬಗ್ಗಿ ಹುಡುಗಿಯ ಕಿವಿಯಲ್ಲಿ ಪಿಸುಗುಟ್ಟಿದಳು. ಅವಳ ಪಿಸುಮಾತೋ, ಪಕ್ಕದ ಕೋಣೆಗೂ ಕೇಳಿಸುವಂಥದ್ದು. "ದೊಡ್ಡತ್ತೆ ಬಚ್ಚಿಟ್ಟಳು ಅಂತ ಒಂದು ಮಾತು ಹೇಳು. ಮಗಳನ್ನ ನೋಡು. ಕುರ್ಚಿ ಮೆಣಸಿನಕಾಯಿಗೆ ಹೋಗ್ಲಿ."

ದೊಡ್ಡತ್ತೆ ಕಾಜ ಹೊಲಿಯುತ್ತಲೇ ಹೇಳಿದಳು: "ಹೇಳಿಬಿಡೇ ತಾಯಿ. ಕುರ್ಚಿ ಹೋದ್ರೆ ನಂಗೆ ಸ್ಟೂಲಿದೆ. ನಿನ್ನ ಮಗಳಿಗೆ ಇನ್ನೊಬ್ಬ ಅಮ್ಮ ಎಲ್ಲಿದಾಳೆ?"

ಹುಡುಗಿ ಬಾಯಿ ತೆರೆದಳು. ಮಾತು ಹೊರಡುವ ಮೊದಲೇ ಮೆಣಸಿನಕಾಯಿ ಧಡಕ್ಕನೆ ಎದ್ದಳು.

"ಕುರ್ಚಿ ನಂಗೆ ಬೇಕು, ಸುಳ್ಳು ಹೇಳಲ್ಲ. ಈ ಮುದುಕಿ ಜೊತೆ ನಾಲ್ಕು ವರ್ಷದಿಂದ ಕಿತ್ತಾಡ್ತಿದೀನಿ. ಗೆದ್ದು ಕೂರ್ತೀನಿ. ಕೂಸಿನ ಕಣ್ಣೀರಿನ ಮೇಲೆ ಕೂರಲ್ಲ."

ಹುಡುಗಿಯ ಮಿಷನ್ನಿನ ತಗಡು ಬಿಚ್ಚಿ, ಕೆಳಗಿನ ನೂಲಿನ ಕಸವನ್ನು ಅಂಗೈಗೆ ಎಳೆದುಕೊಂಡಳು. ಬಟ್ಟೆ ದೂಡುವ ಹಲ್ಲುಪಟ್ಟಿಯ ಸಂದಿಯಿಂದ ಮಿನುಗುತ್ತ ಬಂತು ಮೊನೆ.

"ಇಗೋ. ಅಲ್ಲ, ಎರಡು ತುಂಡು ನೋಡದೆ ಹೊಸ ಸೂಜಿ ಕೊಟ್ಟವರು ಯಾರು..."

"ಏಯ್, ಸಾಕು," ದೊಡ್ಡತ್ತೆಯ ಕನ್ನಡಕ ಕೆಳಗಿಳಿಯಿತು. "ಮೇಡಂ, ಇವಳು ಅವಸರಗೇಡಿ. ಇನ್ನೊಂದು ಗಳಿಗೆ ಬಿಟ್ಟಿದ್ರೆ ನೀವೇ ಹುಡುಕ್ತಿದ್ರಿ. ಎರಡೂ ತುಂಡು ಸಿಕ್ಕಿದೆ ಅಂತ ಬರೆದುಕೊಳ್ಳಿ."

ಬೀಗದಮ್ಮ ಕಾಗದವನ್ನು ನೋಡಿದಳು. ಅದರ ಮೇಲೆ ಒಂದೇ ತುಂಡು, ಕೆಳಗೆ ತನ್ನದೇ ಸಹಿ. ಕಕ್ಕಾಬಿಕ್ಕಿಯಾಗಿ ಮೊನೆಯನ್ನು ಅಂಟಿಸಿಕೊಂಡು ಹೊರಟುಹೋದಳು. ಆಮೇಲೆ ಭೇಟಿಯ ಮಾತನ್ನು ಅವಳು ಎತ್ತಲಿಲ್ಲ.

ಹುಡುಗಿ ಅಳುತ್ತ ನಿಂತಳು. "ಅತ್ತೆ, ನಾನು ಹೇಳಿಬಿಡ್ತಿದ್ದೆ."

"ಗೊತ್ತು. ನಿನ್ನ ಜಾಗದಲ್ಲಿದ್ರೆ ನಾನೂ ಹೇಳ್ತಿದ್ದೆ," ಎಂದಳು ದೊಡ್ಡತ್ತೆ. "ಮುಖ ತೊಳ್ಕೋ ಹೋಗು. ನಾಳೆ ಮಗು ಊದಿದ ಕಣ್ಣು ನೋಡಬಾರದು."

ಮರುದಿನ ಜಾಲರಿಯಾಚೆ ಮಗಳು ಕಿಲಕಿಲ ನಕ್ಕು, ಮುಂದಿನ ಹಲ್ಲು ಬಿದ್ದ ಜಾಗವನ್ನು ನಾಲಿಗೆಯಿಂದ ತೋರಿಸಿದಳು. ತಾಯಿ ಅದನ್ನು ಮತ್ತೆ ಮತ್ತೆ ನೋಡಿದಳು.