ಇಪ್ಪತ್ತೇಳನೆಯ ಪ್ರಶ್ನೆ

ಮಧ್ಯಾಹ್ನ ಒಂದು ಗಂಟೆಯಾಯಿತೆಂದರೆ ಆ ಮೆಸ್ಸಿನಲ್ಲಿ ಊಟದ ಸದ್ದಿಗಿಂತ ಓದಿನ ಸದ್ದೇ ಹೆಚ್ಚು. ಎಂಟು ಉದ್ದನೆಯ ಮೇಜು, ಮೇಜಿಗೆ ಆರು ಜನ, ಎಲ್ಲರೂ ಸರ್ಕಾರಿ ಅಧಿಕಾರಿಯಾಗಬೇಕೆಂದು ಪರೀಕ್ಷೆ ಕಟ್ಟಿದವರೇ. ಬಲಗೈ ತಟ್ಟೆಯಲ್ಲಿ, ಎಡಗೈಯಲ್ಲಿ ಸಾಮಾನ್ಯ ಜ್ಞಾನದ ಪುಸ್ತಕ. ಏನು ತಿಂದಿರಿ ಎಂದು ಕೇಳಿದರೆ ಅರ್ಧ ಜನ ತಟ್ಟೆ ನೋಡಿ ಹೇಳಬೇಕಿತ್ತು. ಯಾವ ದೇಶಕ್ಕೆ ಯಾವ ರಾಜಧಾನಿ ಎಂದು ಕೇಳಿ ನೋಡಿ, ಬಾಯಲ್ಲಿ ತುತ್ತಿದ್ದರೂ ಉತ್ತರ ಬರುತ್ತಿತ್ತು.

ಬಡಿಸುವವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಗಂಡ ತೀರಿಕೊಂಡು ಆರು ವರ್ಷ. ಹಿಂದಿನ ಗಲ್ಲಿಯಲ್ಲೇ ಒಂದು ಕೋಣೆ, ಅದರಲ್ಲಿ ಮುದಿ ತಾಯಿ, ಹನ್ನೊಂದು ವರ್ಷದ ಮಗಳು. ಅಷ್ಟಿದ್ದರೂ ಅಕ್ಕನ ಬಾಯಿಗೆ ಬೀಗ ಹಾಕಿದವರಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಹೆಸರಿಟ್ಟಿದ್ದಳು. ಕಿಟಕಿ ಪಕ್ಕದ ಕುರ್ಚಿಯಲ್ಲಿ ನಾಲ್ಕು ವರ್ಷದಿಂದ ಕೂರುತ್ತಿದ್ದವನಿಗೆ ಸಾಹೇಬ ಎಂಬ ಹೆಸರು ಬಿದ್ದಿತ್ತು. ಮೂರು ಸಲ ಪರೀಕ್ಷೆ ಬರೆದು ಮೂರು ಸಲವೂ ಕೂದಲೆಳೆಯಲ್ಲಿ ಕೈತಪ್ಪಿದವನು. ಓದುತ್ತ ಕೂತರೆ ನೀರು ಕುಡಿಯುವುದೂ ಮರೆಯುತ್ತಾನೆಂದು ಅವಳೇ ಜಗ್ಗು ಹಿಡಿದು ಬಂದು ಲೋಟ ತುಂಬಿಸಿ, ಗಂಟಲು ಒಣಗಿಸಿಕೊಂಡರೆ ನಾಳೆ ಆರ್ಡರ್ ಹೊರಡಿಸುವುದು ಹೇಗೆ ಸಾಹೇಬ್ರೇ ಎಂದು ಛೇಡಿಸುತ್ತಿದ್ದಳು. ಅವನು ನಕ್ಕು ಕುಡಿಯುತ್ತಿದ್ದ. ತಲೆ ಎತ್ತುತ್ತಿದ್ದುದು ಕಡಿಮೆ.

ಅವತ್ತೂ ಎತ್ತಲಿಲ್ಲ. ಎರಡೂವರೆಗೆ ವಿಜ್ಞಾನದ ಮಾದರಿ ಪರೀಕ್ಷೆಯಿತ್ತು. ಅಕ್ಕ ನೀರು ಸುರಿಯುತ್ತ ಬಲಗೈಯ ತೋರುಬೆರಳು ಮುಂದೆ ಹಿಡಿದಳು. ಅದಕ್ಕೊಂದು ಬಟ್ಟೆಚೂರು ಸುತ್ತಿತ್ತು.

"ಗಲ್ಲಿ ನಾಯಿಮರಿ ಸಾಹೇಬ್ರೇ, ಆಟ ಆಡ್ತಾ ಹಲ್ಲು ಹಾಕ್ತು. ಮಗಳ ಕಾಲಿಗೂ ಒಂಚೂರು ಪರಚಿದೆ. ನನ್ನಮ್ಮ ಆಸ್ಪತ್ರೆಗೆ ಹೋಗು ಅಂತ ಬೆಳಿಗ್ಗೆಯಿಂದ ಒಂದೇ ಸಮ ಹೇಳ್ತಿದಾಳೆ. ನೀವು ಓದಿದೋರು. ಇದಕ್ಕೇನಾದ್ರೂ ಆಗತ್ತಾ?"

"ಮರಿ ತಾನೆ ಅಕ್ಕ? ಏನಾಗಲ್ಲ ಬಿಡಿ," ಎಂದ ಅವನು, ಪುಟ ತಿರುವುತ್ತ. ನೊಣ ಓಡಿಸುವವರು ಕೈ ಬೀಸುತ್ತಾರಲ್ಲ, ಹಾಗೆ ಹೇಳಿದ. ಅವಳಿಗೆ ಅಷ್ಟೇ ಸಾಕಿತ್ತು. ಆಸ್ಪತ್ರೆಗೆ ಹೋದರೆ ಅರ್ಧ ದಿನದ ರಜೆ ಕೇಳಬೇಕಿತ್ತು. ನೆಮ್ಮದಿಯಿಂದ ಮುಂದಿನ ಮೇಜಿಗೆ ಹೋದಳು.

ಹತ್ತು ವಾರ ಕಳೆಯಿತು. ಬೆರಳಿನ ಗಾಯ ಮಾಯ್ದು ಕಲೆಯೂ ಉಳಿದಿರಲಿಲ್ಲ. ಒಂದು ಸೋಮವಾರ ಅಕ್ಕನಿಗೆ ಮೈ ಬೆಚ್ಚಗಿತ್ತು. ಹಳೇ ಗಾಯದ ಜಾಗ ಜುಮುಜುಮು ಎನ್ನುತ್ತಿದೆ ಎಂದು ಬೆರಳು ತಿಕ್ಕಿಕೊಂಡಳು. ಮಂಗಳವಾರ, ಬೆವರಿಳಿಯುವ ಸೆಖೆಯಲ್ಲಿ, ಫ್ಯಾನು ಆರಿಸಿ ಎಂದು ಹಟ ಹಿಡಿದಳು. ಗಾಳಿ ಮುಖಕ್ಕೆ ಬಡಿದರೆ ಉಸಿರು ಕಟ್ಟುತ್ತದಂತೆ. ಬುಧವಾರ ಮಧ್ಯಾಹ್ನ ಜಗ್ಗು ಹಿಡಿದು ಅವನ ಮೇಜಿಗೆ ಬಂದವಳು ಸುರಿಯಲಾರದೆ ನಿಂತಳು. ಕೈ ಗಡಗಡ ನಡುಗುತ್ತಿತ್ತು, ಮುಖ ಗೋಡೆಯ ಕಡೆಗಿತ್ತು. ಜಗ್ಗಿನಿಂದ ತುಳುಕಿದ ನೀರು ಲೋಟಕ್ಕೆ ಬಿದ್ದ ಸದ್ದಿಗೇ ಅವಳ ಗಂಟಲು ಹಿಡಿದುಕೊಂಡು ಜಗ್ಗು ಕೈಜಾರಿತು.

ಪಕ್ಕದಲ್ಲಿ ಕೂತಿದ್ದ ಗೆಳೆಯ ತೊಯ್ದ ಪುಸ್ತಕ ಒರೆಸುತ್ತ ನಕ್ಕ. "ಏನಕ್ಕಾ, ನೀರು ಕಂಡ್ರೆ ಭಯಾನಾ?"

ಸಾಹೇಬ ತಲೆ ಎತ್ತಿದ. ಅಷ್ಟು ದಿನದಲ್ಲಿ ಮೊದಲ ಸಲ ಅವನು ಅವಳ ಮುಖವನ್ನು ಸರಿಯಾಗಿ ನೋಡಿದ್ದು. ನೀರಿನ ಭಯ, ಗಾಳಿಯ ಭಯ. ಆ ಪುಟವನ್ನು ಅವನು ಅರೆದು ಕುಡಿದಿದ್ದ. ಮುಂದಿನ ಸಾಲು ಏನೆಂದೂ ಅವನಿಗೆ ಗೊತ್ತಿತ್ತು.

ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದವನು ಅವನೇ. ವೈದ್ಯೆ ಅಕ್ಕನನ್ನು ನೋಡಿ ಅವನನ್ನು ಹೊರಗೆ ಕರೆದಳು. ನಾಯಿ ಕಚ್ಚಿ ಎಷ್ಟು ದಿನವಾಯಿತೆಂದು ಕೇಳಿದಳು. ಹತ್ತು ವಾರ ಎಂದ. ಅವತ್ತೇ ಯಾಕೆ ಕರೆತರಲಿಲ್ಲ, ಅವತ್ತು ಬಂದಿದ್ದರೆ ಚುಚ್ಚುಮದ್ದು ಕೊಟ್ಟು ಕಳಿಸುತ್ತಿದ್ದೆವಲ್ಲ ಎಂದಳು. ಒಮ್ಮೆಗೇ ನೆನಪಾಗಿ ಅವನು, ಮಗಳಿಗೂ ಅದೇ ಮರಿ ಪರಚಿದೆ ಎಂದ. ವೈದ್ಯೆ ಕೈಲಿದ್ದ ಕಾಗದ ಕೆಳಗಿಟ್ಟಳು. ಈಗಲೂ ಹೊತ್ತು ಮೀರಿಲ್ಲ, ಈ ಕ್ಷಣವೇ ಕರೆತನ್ನಿ ಎಂದಳು. ತಾಯಿ ಒಳಗೆ ಮಲಗಿದ್ದಾಗಲೇ ಹೊರಗಿನ ಕೋಣೆಯಲ್ಲಿ ಮಗಳಿಗೆ ಮೊದಲ ಚುಚ್ಚುಮದ್ದು ಬಿತ್ತು.

ಶನಿವಾರ ಅಕ್ಕ ಹೋದಳು.

ಅವಳ ಅಂತ್ಯಕ್ರಿಯೆಯೆಲ್ಲ ಮುಗಿದ ಮೇಲೆ ಅವನು ಕೋಣೆಗೆ ಬಂದು ಹಳೆಯ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದ. ಆ ದಿನದ್ದು ಸಿಕ್ಕಿತು. ಇಪ್ಪತ್ತೇಳನೆಯ ಪ್ರಶ್ನೆ: ಲಕ್ಷಣ ಕಾಣಿಸಿಕೊಂಡ ಮೇಲೆ ರೋಗಿ ಬದುಕುಳಿಯುವುದು ಬಹುತೇಕ ಅಸಾಧ್ಯವಾದ ರೋಗ ಯಾವುದು? ಅವನ ಅಕ್ಷರದಲ್ಲೇ ಉತ್ತರ: ರೇಬೀಸ್. ಪಕ್ಕದಲ್ಲಿ ಕೆಂಪು ಶಾಯಿಯ ಸರಿ ಗುರುತು. ಅಕ್ಕ ಬೆರಳು ತೋರಿಸಿದ ಎರಡು ಗಂಟೆಯೊಳಗೆ ಬರೆದದ್ದು. ಅದನ್ನು ಹಿಡಿದುಕೊಂಡು ಅವನು ಬಿಕ್ಕಿಬಿಕ್ಕಿ ಅತ್ತ. ಪಾಪ, ಅತ್ತು ಏನು ಬಂತು?

ಹುಡುಗಿಗೆ ಇನ್ನೂ ನಾಲ್ಕು ಸಲ ಸೂಜಿ ಬೀಳಬೇಕಿತ್ತು. ತಾರೀಖು ಬರೆದ ಚೀಟಿಯನ್ನು ಅವನು ಓದಿನ ವೇಳಾಪಟ್ಟಿಯ ಮೇಲೇ ಅಂಟಿಸಿಕೊಂಡ. ಒಂದನ್ನೂ ತಪ್ಪಿಸಲಿಲ್ಲ. ಆ ಗಲ್ಲಿಯ ಮನೆಮನೆಗೂ ಹೋಗಿ ನಾಯಿ ಕಚ್ಚಿದರೆ, ಬೆಕ್ಕು ಪರಚಿದರೆ ಸೋಪು ಹಾಕಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆಯಿರಿ, ಅವತ್ತೇ ಆಸ್ಪತ್ರೆಗೆ ಹೋಗಿ ಎಂದು ಹೇಳಿಬಂದ. ಈ ನಡುವೆ ನಾಲ್ಕನೆಯ ಸಲದ ಪರೀಕ್ಷೆಯೂ ಬಂದುಹೋಯಿತು. ಹೇಗಾಯಿತು ಎಂದವರಿಗೆ, ಆಯಿತು ಎಂದಷ್ಟೇ ಹೇಳಿದ.

ದಿನಾ ಸಂಜೆ ಅವನು ಆ ಒಂಟಿಕೋಣೆಯ ಮನೆಯ ಬಾಗಿಲಿಗೆ ಹೋಗಿ ನೀರು ಕೇಳುತ್ತಿದ್ದ. ಹುಡುಗಿ ಎರಡು ಲೋಟ ತುಂಬಿಸಿ ಒಂದನ್ನು ಅವನಿಗೆ ಕೊಟ್ಟು ಇನ್ನೊಂದನ್ನು ತಾನು ಕುಡಿಯುತ್ತಿದ್ದಳು. ಅವಳ ಗಂಟಲಲ್ಲಿ ನೀರಿಳಿಯುವುದನ್ನು ಕಣ್ಣಾರೆ ನೋಡಿದ ಮೇಲೇ ಅವನಿಗೆ ಆ ದಿನ ಉಸಿರಾಡಲು ಬರುತ್ತಿದ್ದುದು. ತಾನು ನೀರು ಕುಡಿಯುವುದನ್ನು ನೋಡಲೆಂದೇ ಅವನು ಬರುತ್ತಾನೆಂದು ಹುಡುಗಿಗೆ ಎರಡೇ ದಿನಕ್ಕೆ ತಿಳಿದಿತ್ತು. ಅಜ್ಜಿಗೆ ತಿಳಿಯಲಿಲ್ಲ. ನಿಮ್ಮಂಥ ದೇವರಂಥೋರು ಇರೋದಕ್ಕೇ ಈ ಮಗು ಉಳೀತು ಎಂದು ಅವನ ಕೈ ಹಿಡಿದುಕೊಳ್ಳುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ಅವನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು.

ಕೊನೆಯ ಸೂಜಿಯ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಹುಡುಗಿ ತೋಳು ಒತ್ತಿಕೊಂಡು ಕೂತಿದ್ದಳು.

"ಮಾಮ, ಅವತ್ತು ಅಜ್ಜಿ ಅಮ್ಮನ ಹತ್ರ ಜಗಳಾನೇ ಆಡಿದ್ಲು, ಆಸ್ಪತ್ರೆಗೆ ಹೋಗು ಅಂತ. ಮೆಸ್ಸಿನಲ್ಲಿ ಯಾರೋ ಓದಿದೋರು ಏನಾಗಲ್ಲ ಅಂದ್ರಂತೆ. ಅದಕ್ಕೇ ಅಮ್ಮ ಹೋಗ್ಲಿಲ್ಲ." ತೋಳಿನ ಮೇಲಿನ ಹತ್ತಿ ಎತ್ತಿ ನೋಡಿದಳು. "ಪಾಪ, ಅವರಿಗೆ ಗೊತ್ತಿರ್ಲಿಲ್ಲ ಅಲ್ವಾ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಹುಡುಗಿಯೇ ಉತ್ತರ ಎತ್ತಿ ಕೈಗೆ ಕೊಟ್ಟಿದ್ದಳು. ದೇವರಂಥವನಾಗಿಯೇ ಅವನು ಆ ಮನೆಗೆ ಹೋಗಿಬಂದು ಇರಬಹುದಿತ್ತು.

"ಗೊತ್ತಿತ್ತು ಪುಟ್ಟಿ," ಎಂದ. "ಹೇಳಿದ್ದು ನಾನೇ. ಅವತ್ತೇ ಪರೀಕ್ಷೆಯಲ್ಲಿ ಅದನ್ನೇ ಕೇಳಿದ್ರು. ಸರಿಯಾಗೇ ಬರ್ದೆ."

ಹುಡುಗಿ ಅವನನ್ನೇ ನೋಡಿದಳು. "ಮತ್ತೆ ಅಮ್ಮನಿಗ್ಯಾಕೆ ಹೇಳ್ಲಿಲ್ಲ?"

"ತಲೆ ಎತ್ತಿ ನೋಡ್ಲಿಲ್ಲ."

ಮನೆಗೆ ಬರುವಾಗ ಅವಳು ಹತ್ತು ಹೆಜ್ಜೆ ಮುಂದೆಯೇ ನಡೆದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಜ್ಜಿ ಜೋರಾಗಿ ಅಳುವ ಸದ್ದು ಹೊರಗಿನವರೆಗೂ ಕೇಳಿತು. ಅವನು ನೀರು ಕೇಳದೆ ಹಿಂದಿರುಗಿದ.

ಮರುದಿನ ಹೋಗಲೋ ಬೇಡವೋ ಎಂದು ಮನಸ್ಸು ಹೊಯ್ದಾಡಿತು. ಹೋಗದಿದ್ದರೆ ಅವಳು ನೀರು ಕುಡಿದಳೋ ಇಲ್ಲವೋ ತಿಳಿಯುವುದಿಲ್ಲ. ಹೋಗಿ ಬಾಗಿಲಿನಿಂದ ದೂರವೇ ನಿಂತ. ಅಜ್ಜಿ ಅವನನ್ನು ನೋಡಿ ಮುಖ ತಿರುಗಿಸಿ ಒಳಗೆ ಎದ್ದುಹೋದಳು.

ಬಹಳ ಹೊತ್ತಿನ ಮೇಲೆ ಹುಡುಗಿ ಹೊರಗೆ ಬಂದಳು. ಕೈಯಲ್ಲಿ ಎರಡು ಲೋಟ. ಒಂದನ್ನು ಅವನ ಕೈಗೆ ಕೊಡದೆ ಹೊಸ್ತಿಲ ಮೇಲಿಟ್ಟಳು. ಇನ್ನೊಂದನ್ನು ಅವನಿಗೆ ಕಾಣುವ ಹಾಗೆ ಎತ್ತಿ, ನಿಧಾನವಾಗಿ, ಕೊನೆಯ ಹನಿಯವರೆಗೂ ಕುಡಿದಳು. ಖಾಲಿ ಲೋಟ ತಿರುವಿ ತೋರಿಸಿ, ಒಳಗೆ ಹೋದಳು.

ಅವನು ಹೊಸ್ತಿಲ ಬಳಿ ಬಗ್ಗಿ ತನ್ನ ಲೋಟ ಎತ್ತಿಕೊಂಡ.