ಕೋವಿ ಬೀರುವಿನ ಬೀಗ ನಾನು

ನಾನು ಒಂದು ಹಿತ್ತಾಳೆ ಬೀಗ. ಹುಟ್ಟಿದ್ದು ದಿಂಡಿಗಲ್ಲಿನ ಒಬ್ಬ ಮುದುಕನ ಅರದ ಕೆಳಗೆ. ನನ್ನನ್ನು ಮುಗಿಸಿದ ಮೇಲೆ ಆತ ಅಂಗಡಿಯಲ್ಲಿದ್ದ ಬೇರೆ ಕೀಲಿಕೈಗಳನ್ನೆಲ್ಲ ತೂರಿಸಿ ತಿರುಗಿಸಿ ನೋಡಿದ. ನಾನು ಜಪ್ಪಯ್ಯ ಅನ್ನಲಿಲ್ಲ. ನನ್ನ ಕೀಲಿಕೈಗೆ ಮಾತ್ರ ಬಾಯಿಬಿಟ್ಟೆ. ಆ ಜಂಬ ಇವತ್ತಿಗೂ ಇದೆ.

ಕೆಲಕಾಲ ಅಕ್ಕಿ ಗಿರಣಿಯೊಂದರ ಗೋದಾಮು ಕಾದೆ. ಆಮೇಲೆ ಕೊಡಗಿನ ಉತ್ತಯ್ಯನವರ ಮನೆ ಸೇರಿದೆ, ಕೋವಿ ಬೀರುವಿಗೆ. ಸೇನೆಯಿಂದ ನಿವೃತ್ತರಾದ ಅವರ ಕೋವಿಯೂ ಪಿಸ್ತೂಲೂ ಅದರೊಳಗಿದ್ದವು. ಕೈಲ್ ಮುಹೂರ್ತ ಹಬ್ಬದ ದಿನ ಕೋವಿಗೆ ಹೂ ಮುಡಿಸಿ ಪೂಜೆ ಮಾಡುವಾಗ ನನಗೂ ಒಂದು ಗಂಧದ ಬೊಟ್ಟು ಸಿಗುತ್ತಿತ್ತು. ಒಂದೇ ಕೊರತೆ. ನನ್ನ ಕೀಲಿಕೈ ದೇವರ ದೀಪದ ಪಕ್ಕದ ಮೊಳೆಯಲ್ಲಿ, ಎಲ್ಲರ ಕಣ್ಣೆದುರಿಗೇ ತೂಗುತ್ತಿತ್ತು.

"ಪೂಜೆ ಮಾಡೋ ವಸ್ತು. ನಮ್ಮನೇಲಿ ಯಾರು ಮುಟ್ತಾರೆ?" ಎನ್ನುವರು ಉತ್ತಯ್ಯ.

ಅವರ ಮಗ ಮೊಣ್ಣಪ್ಪ ಒಂಬತ್ತನೇ ತರಗತಿಗೆ ಪಟ್ಟಣದ ಶಾಲೆ ಸೇರಿದ. ಮೊದಮೊದಲು ಹಾಕಿ ಕೋಲು ಹೆಗಲಿಗೇರಿಸಿ ಹೋಗುತ್ತಿದ್ದವನು ಬರಬರುತ್ತ ಕೋಲನ್ನು ಮೂಲೆಗಿಟ್ಟ. ಬುತ್ತಿ ಹಾಗೇ ವಾಪಸು ಬರತೊಡಗಿತು. ಒಂದು ಸಂಜೆ ಇದ್ದಕ್ಕಿದ್ದಂತೆ ಕೇಳಿದ, "ಅಪ್ಪ, ಆ ಪಿಸ್ತೂಲಿಗೆ ಗುಂಡು ಹಾಕೋದು ಹೇಗೆ?"

"ನೋಡು ಮಾಚವ್ವ, ಕೊಡವನ ರಕ್ತ!" ಉತ್ತಯ್ಯ ಮೀಸೆ ತಿರುವಿ ನಕ್ಕರು.

ಹೆಂಡತಿ ಮಾಚವ್ವ ನಗಲಿಲ್ಲ. ಮಗ ಮಲಗಲು ಹೋದ ಮೇಲೆ ಮೊಳೆಯಿಂದ ಕೀಲಿಕೈ ತೆಗೆದು ಸೆರಗಿಗೆ ಗಂಟು ಹಾಕಿಕೊಂಡರು.

"ಹೆತ್ತ ಮಗನ ಮೇಲೇ ಅನುಮಾನವಾ?"

"ಅನುಮಾನ ಅಲ್ಲ. ಅವನು ಸರಿಯಾಗಿ ಉಂಡು ಎಷ್ಟು ದಿನ ಆಯ್ತು, ನೋಡಿದ್ದೀರಾ?"

ಮರುದಿನ ಬೆಳಿಗ್ಗೆ ಮೊಣ್ಣಪ್ಪ ಸಮವಸ್ತ್ರ ತೊಟ್ಟು ನನ್ನೆದುರು ನಿಂತ. ಶಾಲೆ ಚೀಲದ ಬಾಯಿ ತೆರೆದೇ ಇತ್ತು. ಮೊಳೆ ಖಾಲಿ. ಯಾವುದೋ ಟ್ರಂಕಿನ ಕೀಲಿಕೈ ತಂದು ನನ್ನೊಳಗೆ ತುರುಕಿದ. ತಿರುವಿದ, ಕುಕ್ಕಿದ, ಜಗ್ಗಿದ. ದಿಂಡಿಗಲ್ಲಿನ ಮುದುಕನನ್ನು ನೆನೆದು ಹಲ್ಲು ಕಚ್ಚಿ ನಿಂತೆ. ಮೈಮೇಲೆ ಗೀರು ಬಿತ್ತು, ಬಾಯಿ ಬಿಡಲಿಲ್ಲ.

"ಯಾರ ಮೇಲೆ ಹಾರಿಸೋಕೆ, ಮೋನೇ?" ಹಿಂದೆ ಮಾಚವ್ವ ನಿಂತಿದ್ದರು.

"ಹೊಡೆಯೋಕಲ್ಲ ಅವ್ವ, ಹೆದರಿಸೋಕೆ ಅಷ್ಟೇ. ಶಾಲೇಲಿ ಕೆಲವು ಹುಡುಗರು ದಿನಾ ನನ್ನ ಬುತ್ತಿಗೆ ಉಗೀತಾರೆ. ಇವತ್ತು ಮೈದಾನದ ಹಿಂದೆ ಕಟ್ಟಿಹಾಕಿ ಹೊಡೀತೀವಿ ಅಂದಿದಾರೆ."

ಮಾಚವ್ವ ಅಲ್ಲೇ ನೆಲದ ಮೇಲೆ ಕೂತು ಮಗನನ್ನು ಪಕ್ಕಕ್ಕೆಳೆದುಕೊಂಡರು. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಉತ್ತಯ್ಯನವರ ಕೈ ಅವತ್ತು ಮೀಸೆಗೆ ಹೋಗಲಿಲ್ಲ.

"ನಡಿ, ನಾವೂ ಬರ್ತೀವಿ ಶಾಲೆಗೆ," ಎಂದರು ಉತ್ತಯ್ಯ. "ಬರಿಗೈಲೇ ಹೋಗೋಣ."

ಹೆಡ್‌ಮಾಸ್ತರರು ಆ ಹುಡುಗರ ತಂದೆತಾಯಿಯರನ್ನೂ ಕರೆಸಿದರು. ಕಾಟ ನಿಂತಿತು. ಉತ್ತಯ್ಯ ಪಿಸ್ತೂಲನ್ನು ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಿ ಬಂದರು. ಹಾಕಿ ಕೋಲು ಮತ್ತೆ ಹೆಗಲೇರಲು ತಿಂಗಳುಗಳೇ ಬೇಕಾದವು. ಕೀಲಿಕೈ ಮಾತ್ರ ಮತ್ತೆಂದೂ ಆ ಮೊಳೆಗೆ ಬರಲಿಲ್ಲ.

ಈಗ ನಾನು ಮುದಿ ಬೀಗ. ಕೋವಿಗೆ ಉಕ್ಕಿನ ಪೆಟ್ಟಿಗೆ ಬಂದಾಗ ಮೊಣ್ಣಪ್ಪ ನನ್ನನ್ನು ಕೇಳಿ ತೆಗೆದುಕೊಂಡ. ಅದೇ ಶಾಲೆಯಲ್ಲಿ ಅವನೀಗ ಹಾಕಿ ಮೇಷ್ಟ್ರು. ನಾನು ಕೋಲುಗಳ ಕೋಣೆಗೆ ಕಾವಲು. ಯಾವ ಮಗು ಆಟಕ್ಕೆ ಬರದೆ ಮೂಲೆ ಹಿಡಿದರೂ ಅವನ ಕಣ್ಣಿಗೆ ಬೀಳುತ್ತದೆ. ಹೋಗಿ ಪಕ್ಕದಲ್ಲಿ ಕೂರುತ್ತಾನೆ, ಅವ್ವನ ಹಾಗೆ.

"ಸಾರ್, ಇದು ಶುದ್ಧ ಹಟಮಾರಿ ಬೀಗ. ಹೊಸದು ತಗೊಳ್ಳಿ ಸಾರ್," ಎಂದು ಹುಡುಗರು ಗೊಣಗುತ್ತಾರೆ.

ಅವನ ಹೆಬ್ಬೆರಳು ನನ್ನ ಗೀರಿನ ಮೇಲೆ ನಿಲ್ಲುತ್ತದೆ. "ಒಂದ್ಸಲ ನಾನು ಎಷ್ಟು ಗೋಗರೆದರೂ ಇದು ತೆಗೀಲಿಲ್ಲ ಕಣ್ರೋ. ಅದಕ್ಕೇ ಇಟ್ಕೊಂಡಿದೀನಿ."

ನಿಜ ಹೇಳಬೇಕೆಂದರೆ ಆ ಹೆಮ್ಮೆಯಲ್ಲಿ ಅರ್ಧ ಮಾಚವ್ವನ ಸೆರಗಿನ ಗಂಟಿಗೆ ಸೇರಬೇಕು. ಉಳಿದರ್ಧವನ್ನು ಮಾತ್ರ ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ.